ಕಾರು ತಗ್ಗಿಸುವ ಹುಚ್ಚು ನಮಗೆ ತರವಲ್ಲ



ಕಪ್ಪು ಬಸಿ ತೊಳೆದು ಗಲ್ಲೆಯ ತನಕ ಬಂದ ನಮ್ಮ ತರುಣರು, ಗಿರಣಿ ಕಾರ್ಮಿಕರ ಮಕ್ಕಳು, ಇಂದು ಈ ಮುಂಬಯಿಯಲ್ಲಿ ಹಳೆಯ ಕಾರೊಂದನ್ನು ಕೊಳ್ಳುವಷ್ಟು ಶಕ್ತರಾಗಿದ್ದಾರೆ. ಇದು ನಮಗೆ ಸಂತೋಷದ ಮಾತು. ಕಾರು ಶ್ರೀಮಂತರ ಸೊತ್ತಾಗಿಯೇ ಉಳಿಯಬೇಕೆಂದು ನಾವು ಎಂದೂ ಹೇಳಿದವರಲ್ಲ. ಆದರೆ ಕೊಂಡ ಮರುವಾರವೇ ಅದನ್ನು ಗ್ಯಾರೇಜಿಗೆ ಒಯ್ದು, ಸ್ಪ್ರಿಂಗು ಕತ್ತರಿಸಿ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತಗ್ಗಿಸುವ ಹೊಸ ಹುಚ್ಚನ್ನು ಕಂಡು ಸುಮ್ಮನಿರಲು ನಮ್ಮಿಂದಾಗದು.

ಎಷ್ಟು ತಗ್ಗಿಸಬಹುದು ಎಂದು ಅವರು ಕೇಳುತ್ತಾರೆ. ಲೆಕ್ಕವನ್ನೇ ಹಾಕಿ ನೋಡೋಣ. ನಮ್ಮ ದೇಶದ ಸಾಧಾರಣ ಸಣ್ಣ ಕಾರಿನ ಹೊಟ್ಟೆ ನೆಲದಿಂದ 16-17 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಅದನ್ನು ಎರಡು ಇಂಚು, ಅಂದರೆ 5 ಸೆಂಟಿಮೀಟರು, ಇಳಿಸಿದರೆ ಉಳಿಯುವುದು 11. ಐದು ಮಂದಿ ಕುಳಿತು ಸಾಮಾನು ಹೇರಿದರೆ ಕಾರು ಇನ್ನೂ ಕೂರುತ್ತದೆ. 3 ಸೆಂಟಿಮೀಟರು ಎಂದೇ ಹಿಡಿಯಿರಿ, ಉಳಿದದ್ದು 8. ನಮ್ಮ ಅಂಗೈಯ ಅಗಲದಷ್ಟು! ಈ ಅಂಗೈ ಅಗಲದ ಜಾಗ ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕುಂದಾಪುರದ ಜಾತ್ರೆಗೆ ಹೊರಡುವುದು ವಿವೇಕವೇ?

ದಾರಿಯಲ್ಲಿ ಉಬ್ಬುಗಳಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1988ರಲ್ಲಿ ಹೇಳಿದ ಅಳತೆಯಂತೆ ಉಬ್ಬು 3.7 ಮೀಟರು ಅಗಲ, ನಡುವೆ 10 ಸೆಂಟಿಮೀಟರು ಎತ್ತರ ಇರಬೇಕು. ಅಂಥದನ್ನು ಸಣ್ಣ ಕಾರು ದಾಟುವಾಗ ಮುಂದಿನ ಹಿಂದಿನ ಗಾಲಿಗಳೆರಡೂ ಉಬ್ಬಿನ ಮೇಲೆಯೇ ಇರುವುದರಿಂದ ಹೊಟ್ಟೆಯ ಕಡೆಗೆ ಏಳುವುದು ಸುಮಾರು 4 ಸೆಂಟಿಮೀಟರು ಮಾತ್ರ. ಆದರೆ ನಮ್ಮ ಗಲ್ಲಿಗಳಲ್ಲಿರುವುದು ಅಂಥ ಉಬ್ಬುಗಳೇ? ಒಂದು ಮೊಳ ಅಗಲ, ಒಂದು ಗೇಣು ಎತ್ತರದ ಗೋಡೆಗಳು! ಅವು ಎರಡು ಗಾಲಿಗಳ ನಡುವೆ ಪೂರ್ತಿ ಹೊಕ್ಕು ನೇರವಾಗಿ ಹೊಟ್ಟೆಗೇ ಇರಿಯುತ್ತವೆ.

ಹಾಗಾದರೆ ತಪ್ಪು ರಸ್ತೆಯದು ಎನ್ನುವರು. ಒಪ್ಪಿದೆವು. ಅಳತೆ ತಪ್ಪಿದ ಉಬ್ಬುಗಳನ್ನು ಕಿತ್ತು ಸರಿಯಾದವನ್ನು ಹಾಕಿ, ಬಣ್ಣ ಬಳಿಯಬೇಕೆಂದು ನಾವು ಕೇಳಲೇಬೇಕು, ಕೇಳುತ್ತೇವೆ. ಆದರೆ ಚೇಂಬರು ಒಡೆದಾಗ ರಸ್ತೆ ಮಾಡಿದವನು ಬಂದು ದುಡ್ಡು ಕೊಡುವನೇ? ನಮ್ಮ ಸಂಘದ ಒಬ್ಬ ತರುಣ, ತಗ್ಗಿಸಿದ ಕಾರಿನ ಚೇಂಬರನ್ನು ಉಬ್ಬಿನ ಮೇಲೆ ಒಡೆದುಕೊಂಡ. ಎಣ್ಣೆ ಸೋರಿದ್ದು ಅವನಿಗೆ ತಿಳಿಯಲಿಲ್ಲ. ಎರಡು ಮೈಲು ಹೋಗುವುದರೊಳಗೆ ಎಂಜಿನು ಕಚ್ಚಿಕೊಂಡು ನಿಂತಿತು. ಎಣ್ಣೆಯಿಲ್ಲದ ಯಂತ್ರದ ಗತಿ ಏನೆಂಬುದನ್ನು ಗಿರಣಿಯ ಹಿರಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಮೂರು ವರ್ಷದ ಉಳಿತಾಯ ಒಂದು ಸಂಜೆಯಲ್ಲಿ ಹೋಯಿತು. ಸ್ಪ್ರಿಂಗು ಕತ್ತರಿಸಿದ ಗ್ಯಾರೇಜಿನವನು ಮಾತ್ರ ತನ್ನ ಕೂಲಿಯನ್ನು ಮೊದಲೇ ಎಣಿಸಿಕೊಂಡಿದ್ದ.

ತಗ್ಗಿದ ಕಾರು ತಿರುವಿನಲ್ಲಿ ಬಿಗಿಯಾಗಿ ನಿಲ್ಲುತ್ತದೆ ಎಂಬ ವಾದವೂ ಇದೆ. ಸುಳ್ಳಲ್ಲ. ಭಾರ ಕೆಳಗಿದ್ದರೆ ವಾಲುವುದು ಕಡಿಮೆ. ಪಂದ್ಯದ ಕಾರುಗಳನ್ನು ಹಾಗೆಯೇ ಮಾಡುತ್ತಾರೆ. ಆದರೆ ಅವರು ಅದಕ್ಕೆ ಹೊಂದುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡನ್ನೂ ಹಾಕುತ್ತಾರೆ, ಓಡಿಸುವುದು ಉಬ್ಬಿಲ್ಲದ ಮೈದಾನದಲ್ಲಿ. ಬರೇ ಸುರುಳಿ ಕತ್ತರಿಸಿದರೆ ಸ್ಪ್ರಿಂಗು ಗಡುಸಾಗುತ್ತದೆ, ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಗುಂಡಿಗೆ ಬಿದ್ದರೆ ಪೆಟ್ಟು ನೇರ ಬೆನ್ನುಮೂಳೆಗೆ. ಗಾಲಿ ಓರೆಯಾಗಿ ಟೈರಿನ ಒಳಮಗ್ಗುಲು ಸವೆಯುತ್ತದೆ. ಬಿಗಿಯಾಗಿ ನಿಲ್ಲಬೇಕೆಂದು ಮಾಡಿದ್ದು ಜಾರುವುದಕ್ಕೆ ದಾರಿಯಾಗುತ್ತದೆ!

ಮಳೆಗಾಲವನ್ನು ಮರೆಯಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದದ್ದನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ. ಅಷ್ಟು ಬೇಡ, ಮೊಣಕಾಲು ನೀರು ಸಾಕು. ಕಾರು ಇಳಿದಷ್ಟೂ ಎಂಜಿನು ಗಾಳಿ ಎಳೆಯುವ ಬಾಯಿಯೂ ಇಳಿಯುತ್ತದೆ. ಅದು ನೀರು ಕುಡಿದರೆ ಎಂಜಿನು ಮುಗಿಯಿತು.

ಕಾನೂನನ್ನೂ ತಿಳಿದಿರಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಅಳತೆಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲಿಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ತನಕ ಸೆರೆ, ಅಥವಾ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇಂಥ ನೆಪವನ್ನೇ.

ಆದುದರಿಂದ ಎಷ್ಟು ತಗ್ಗಿಸಬಹುದು ಎಂಬ ಪ್ರಶ್ನೆಗೆ ನಮ್ಮ ಉತ್ತರ ಒಂದೇ: ಒಂದು ಅಂಗುಲವೂ ಬೇಡ. ಈಗಾಗಲೇ ತಗ್ಗಿಸಿದವರು ಐದು ಮಂದಿಯನ್ನು ಕೂರಿಸಿ, ಅಳತೆಪಟ್ಟಿ ಹಿಡಿದು, ಹೊಟ್ಟೆಯ ಅತಿ ಕೆಳಗಿನ ಭಾಗದಿಂದ ನೆಲದ ತನಕ ಅಳೆಯಿರಿ. ಆಮೇಲೆ ನಿಮ್ಮ ಗಲ್ಲಿಯ ಉಬ್ಬನ್ನೂ ಅಳೆಯಿರಿ. ಕಾರಿಗೆ ಹಳೆಯ ಸ್ಪ್ರಿಂಗನ್ನೇ ತಿರುಗಿ ಹಾಕಿಸಿ; ಉಬ್ಬಿನ ಅಳತೆಯನ್ನು ಸಂಘದ ಕಚೇರಿಗೆ ತನ್ನಿ, ಮನವಿ ಬರೆಯುವ ಕೆಲಸ ನಮ್ಮದು.

ಮಾಲಿಕರ ಮುಂದೆ, ಮುಕಾದಮರ ಮುಂದೆ ತಲೆ ತಗ್ಗಿಸಬೇಡಿರೆಂದು ನಾವು ಇಷ್ಟು ವರ್ಷ ಹೇಳುತ್ತ ಬಂದೆವು. ಬೆವರು ಸುರಿಸಿ ಕೊಂಡ ಕಾರನ್ನೂ ತಗ್ಗಿಸಬೇಡಿ.