ಕೃತಕ ಕೀಲೂ ಕ್ರೀಡಾಸ್ಪರ್ಧೆಯೂ

ಸೊಂಟದ ಕೀಲು ಸವೆದುಹೋದವನು ನೋವಿಲ್ಲದೆ ನಾಲ್ಕು ಹೆಜ್ಜೆ ನಡೆದರೆ ಸಾಕೆಂದು ಹಂಬಲಿಸುತ್ತಿದ್ದ ಕಾಲವೊಂದಿತ್ತು. ಇಂದು ಅಂಥವನು ಲೋಹದ ಕೀಲನ್ನು ಧರಿಸಿ ಸ್ಪರ್ಧೆಯ ಅಂಗಳಕ್ಕಿಳಿಯುತ್ತಾನೆ. ಇಳಿದು ಗೆಲ್ಲುವುದೂ ಉಂಟು. ಶಸ್ತ್ರವೈದ್ಯದ ಈ ಸಿದ್ಧಿಯನ್ನು ಕಂಡು ಹರ್ಷಿಸದವರಾರು? ಆದರೆ ಹರ್ಷದ ಭರದಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಆಟಗಾರನನ್ನು ಅಂಗಳಕ್ಕೆ ಮರಳಿ ತರುವುದು ಅವನ ಧೈರ್ಯವೊಂದೇ ಅಲ್ಲ. ಅವನಿಗಿಂತ ಮೊದಲು ಚಿಕಿತ್ಸೆ ಪಡೆದ ಸಹಸ್ರಾರು ಜನರ ಕೀಲುಗಳಲ್ಲಿ ಯಾವವು ಬಾಳಿದವು, ಯಾವವು ಕೆಟ್ಟವು ಎಂಬುದನ್ನು ತಪ್ಪದೆ ಬರೆದಿಟ್ಟ ಲೆಕ್ಕವೂ ಅದಕ್ಕೆ ಕಾರಣವಾಗಿದೆ. ನಮ್ಮ ದೇಶದಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಈ ಲೆಕ್ಕಕ್ಕೆ.

ಮೊದಲು ಮರಳಿ ಬಂದವರ ವೃತ್ತಾಂತವನ್ನು ನೋಡೋಣ. ಅಮೆರಿಕೆಯ ಬೋ ಜಾಕ್ಸನ್ನರು ಆ ದೇಶದ ಮಾದರಿಯ ಫುಟ್‌ಬಾಲು ಮತ್ತು ಬೇಸ್‌ಬಾಲು ಇವೆರಡರಲ್ಲಿಯೂ ಹೆಸರಾದವರು. 1991ರ ಜನವರಿಯಲ್ಲಿ ಫುಟ್‌ಬಾಲ್ ಪಂದ್ಯವೊಂದರಲ್ಲಿ ಅವರ ಸೊಂಟಕ್ಕೆ ಪೆಟ್ಟುಬಿದ್ದು, ರಕ್ತಸಂಚಾರ ಕುಂದಿ, ತೊಡೆಯೆಲುಬಿನ ತಲೆ ನಿರ್ಜೀವವಾಯಿತು. 1992ರಲ್ಲಿ ಅವರಿಗೆ ಕೃತಕ ಕೀಲನ್ನು ಜೋಡಿಸಿದರು. 1993ರ ಏಪ್ರಿಲಿನಲ್ಲಿ ಬೇಸ್‌ಬಾಲಿಗೆ ಮರಳಿದ ಅವರು ತಮ್ಮ ಮೊದಲ ಸರದಿಯಲ್ಲಿಯೇ ಚೆಂಡನ್ನು ಅಂಗಳದಾಚೆಗೆ ಅಟ್ಟಿದರು. ಆ ವರ್ಷ ಅಂಥ 16 ಹೊಡೆತಗಳನ್ನು ಹೊಡೆದರು. ಆದರೆ ಫುಟ್‌ಬಾಲಿಗೆ ಅವರು ಮರಳಲೇ ಇಲ್ಲ. 1994ರ ತರುವಾಯ ಬೇಸ್‌ಬಾಲನ್ನೂ ಬಿಟ್ಟರು.

ಬ್ರಿಟನ್ನಿನ ಟೆನ್ನಿಸ್ ಪಟು ಆಂಡಿ ಮರೇಯವರ ಉದಾಹರಣೆ ಇನ್ನೂ ಬೋಧಪ್ರದವಾದುದು. 2016ರಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದ್ದ ಈ ವೀರನಿಗೆ 2019ರ ಜನವರಿಯ ಹೊತ್ತಿಗೆ ಕಾಲುಚೀಲ ಹಾಕಿಕೊಳ್ಳುವುದೂ ಯಾತನೆಯಾಗಿತ್ತು. ಆ ತಿಂಗಳ ಕೊನೆಯಲ್ಲಿ ಲಂಡನ್ನಿನಲ್ಲಿ ಅವರಿಗೆ ಶಸ್ತ್ರಕ್ರಿಯೆಯಾಯಿತು. ಅದಕ್ಕೆ ಹಿಂದಿನ ವರ್ಷ ಇಂಥದೇ ಚಿಕಿತ್ಸೆ ಪಡೆದು, ಐದೇ ತಿಂಗಳಲ್ಲಿ ಜೋಡಿ ಆಟಕ್ಕೆ ಮರಳಿದ್ದ ಅಮೆರಿಕೆಯ ಬಾಬ್ ಬ್ರಯಾನರ ಅನುಭವವು ಮರೇಯವರಿಗೆ ದಾರಿ ತೋರಿತ್ತು. ಮರೇಯವರೂ ಒಮ್ಮೆಗೇ ಹಾರಲಿಲ್ಲ. ಜೂನಿನಲ್ಲಿ ಅರ್ಧ ಅಂಗಳವನ್ನಷ್ಟೇ ಕಾಯಬೇಕಾದ ಜೋಡಿ ಆಟವನ್ನಾಡಿ ಪ್ರಶಸ್ತಿ ಪಡೆದರು. ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ ಒಂಟಿ ಆಟದ ಪಂದ್ಯಾವಳಿಯನ್ನೇ ಗೆದ್ದರು. 2023ರ ಜನವರಿಯಲ್ಲಿ ಮೆಲ್ಬರ್ನಿನಲ್ಲಿ 5 ಗಂಟೆ 45 ನಿಮಿಷ ಹೋರಾಡಿ, ಬೆಳಗಿನ ಜಾವ 4 ಗಂಟೆ ಮೀರಿದ ಮೇಲೆ ಜಯಶಾಲಿಗಳಾದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ತಮ್ಮ ಕೊನೆಯ ಪಂದ್ಯವನ್ನಾಡಿ ವಿರಮಿಸಿದರು.

ಈ ಕಥೆಯ ಇನ್ನೊಂದು ಪಾರ್ಶ್ವವನ್ನೂ ಹೇಳದಿದ್ದರೆ ವಾಚಕರಿಗೆ ಅನ್ಯಾಯ ಮಾಡಿದಂತಾದೀತು. ಶಸ್ತ್ರಕ್ರಿಯೆಯ ಬಳಿಕ ಒಂಟಿ ಆಟದಲ್ಲಿ ಮರೇಯವರು ಏರಿದ ಅತ್ಯುಚ್ಚ ಸ್ಥಾನ 36ನೆಯದು. ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಯಾವುದರಲ್ಲಿಯೂ ಮೂರನೆಯ ಸುತ್ತನ್ನು ದಾಟಲಿಲ್ಲ. ಕೃತಕ ಕೀಲು ನೋವನ್ನು ಕಳೆಯಬಲ್ಲುದು, ಆಟವನ್ನು ಮರಳಿ ಕೊಡಬಲ್ಲುದು. ಕಳೆದುಹೋದ ಯೌವನವನ್ನು ಮರಳಿ ಕೊಡಲಾರದು.

ಇಲ್ಲಿ ಶಸ್ತ್ರಕ್ರಿಯೆಯ ಪ್ರಕಾರಗಳನ್ನು ತುಸು ವಿವರಿಸುವುದು ಅಗತ್ಯ. ಇಂಗ್ಲಂಡಿನ ಜಾನ್ ಚಾರ್ನ್ಲಿಯವರು 1962ರಲ್ಲಿ ರೂಢಿಗೆ ತಂದ ಪೂರ್ಣ ಕೀಲು ಬದಲಾವಣೆಯಲ್ಲಿ ತೊಡೆಯೆಲುಬಿನ ತಲೆಯನ್ನು ಕತ್ತರಿಸಿ ತೆಗೆದು, ಎಲುಬಿನೊಳಗೆ ಲೋಹದ ದಂಡವನ್ನು ಕೂಡಿಸಿ, ಸೊಂಟದ ಬಟ್ಟಲಿಗೆ ಪಾಲಿಥೀನಿನ ಒಳಪದರವನ್ನು ಕೊಡುತ್ತಾರೆ. ಮುಖ್ಯವಾಗಿ ವೃದ್ಧರ ನೋವನ್ನು ಕಳೆಯಲೆಂದು ಹುಟ್ಟಿದ ಚಿಕಿತ್ಸೆಯಿದು. ಮರೇ ಮತ್ತು ಬ್ರಯಾನರಿಗೆ ಮಾಡಿದ್ದು ಬೇರೆ ಬಗೆಯದು. ಅದರಲ್ಲಿ ಎಲುಬಿನ ತಲೆಯನ್ನು ಕತ್ತರಿಸದೆ, ಅದರ ಸವೆದ ಮೇಲ್ಮೈಯನ್ನಷ್ಟೇ ಹೆರೆದು ಲೋಹದ ಟೋಪಿಯನ್ನು ತೊಡಿಸುತ್ತಾರೆ. ಬಟ್ಟಲಿಗೂ ಲೋಹವನ್ನೇ ಹೊದಿಸುತ್ತಾರೆ. ಎಲುಬು ಉಳಿಯುವುದರಿಂದ ಓಡುವ, ಆಡುವ ವಯಸ್ಸಿನವರಿಗೆ ಇದು ಅನುಕೂಲವೆಂದು ತೋರಿತು. ಆದರೆ ಲೋಹವು ಲೋಹಕ್ಕೆ ಉಜ್ಜಿದಾಗ ಸೂಕ್ಷ್ಮ ಕಣಗಳುದುರಿ ಸುತ್ತಲಿನ ಮಾಂಸವನ್ನು ಕೆಡಿಸುವ, ರಕ್ತವನ್ನು ಸೇರುವ ಭಯವೂ ಅದರ ಬೆನ್ನಿಗೇ ಇದೆ.

ಆ ಭಯವು ನಿಜವಾದುದು ಡಿಪ್ಯೂ ಕಂಪನಿಯ ಏ.ಎಸ್.ಆರ್. ಎಂಬ ಕೀಲಿನಿಂದ. ಆಸ್ಟ್ರೇಲಿಯದಲ್ಲಿ 1999ರಿಂದ ಪ್ರತಿಯೊಂದು ಕೃತಕ ಕೀಲಿನ ಲೆಕ್ಕವಿಡುವ ರಾಷ್ಟ್ರೀಯ ದಾಖಲೆಯಿದೆ. ಈ ಕೀಲು ಇತರ ಕೀಲುಗಳಿಗಿಂತ ಬೇಗ ಕೆಡುತ್ತಿದೆಯೆಂದು 2007ರಿಂದಲೇ ಆ ದಾಖಲೆ ತೋರಿಸತೊಡಗಿತು. 2009ರ ಕೊನೆಗೆ ಅಲ್ಲಿನ ಪೇಟೆಯಿಂದ ಅದನ್ನು ತೆಗೆದರು. 2010ರ ಆಗಸ್ಟಿನಲ್ಲಿ ಕಂಪನಿಯು ಜಗತ್ತಿನಾದ್ಯಂತ ಹಿಂದೆಗೆದುಕೊಂಡಿತು. ಬರ್ಮಿಂಗ್‌ಹ್ಯಾಮಿನಲ್ಲಿ 1997ರಿಂದ ಬಳಕೆಗೆ ಬಂದ ಅದೇ ಜಾತಿಯ ಇನ್ನೊಂದು ಕೀಲಾದರೋ ದೊಡ್ಡ ಎಲುಬಿನ ಗಂಡಸರಲ್ಲಿ ಚೆನ್ನಾಗಿ ಬಾಳಿತು. ಹೆಂಗಸರಲ್ಲಿ ಅಷ್ಟಾಗಿ ಬಾಳದೆಂದು ಕಂಡುಬಂದುದರಿಂದ 2015ರಲ್ಲಿ ಅವರಿಗೆ ಬಳಸುವುದನ್ನು ನಿಲ್ಲಿಸಿದರು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಲೋಹದ ಟೋಪಿಗಳಲ್ಲಿ ಹಿತವಾವುದು, ಅಹಿತವಾವುದು ಎಂದು ತಿಳಿಸಿದ್ದು ಶಸ್ತ್ರವೈದ್ಯನ ಕೈಚಳಕವಲ್ಲ, ಕಂಪನಿಯ ಜಾಹೀರಾತೂ ಅಲ್ಲ, ಕಾರಕೂನನು ಬರೆದಿಟ್ಟ ಲೆಕ್ಕ.

ಇನ್ನು ನಮ್ಮ ದೇಶದ ಮಾತು. ಇದೇ ಏ.ಎಸ್.ಆರ್. ಕೀಲನ್ನು ಭಾರತದಲ್ಲಿ ಸುಮಾರು 4,700 ಶಸ್ತ್ರಕ್ರಿಯೆಗಳಲ್ಲಿ ಬಳಸಲಾಗಿತ್ತು. ಕಂಪನಿಯು ಕೀಲನ್ನು ಹಿಂದೆಗೆದುಕೊಂಡ ಏಳನೆಯ ವರ್ಷದಲ್ಲಿ, ಎಂದರೆ 2017ರಲ್ಲಿ, ನಮ್ಮ ಕೇಂದ್ರ ಸರಕಾರವು ತಜ್ಞರ ಸಮಿತಿಯನ್ನು ನೇಮಿಸಿತು. 2018ರಲ್ಲಿ ಬೆಳಕಿಗೆ ಬಂದ ಅದರ ವರದಿಯು ಬಾಧಿತರಿಗೆ ತಲಾ 20 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರ ಸಲ್ಲಬೇಕೆಂದು ಹೇಳಿತು. ಆದರೆ ಪರಿಹಾರ ಕೊಡುವುದಾದರೂ ಯಾರಿಗೆ? ಈ ಕೀಲನ್ನು ಧರಿಸಿದ ನಮ್ಮ ಜನರಲ್ಲಿ ಹೆಚ್ಚಿನವರ ಗುರುತೇ ಸಿಕ್ಕಿರಲಿಲ್ಲ! ತನ್ನ ದೇಹದಲ್ಲಿರುವ ಲೋಹ ಯಾವ ಕಾರಖಾನೆಯದೆಂದು ರೋಗಿಗೆ ತಿಳಿಯದು. ರೋಗಿಯು ಎಲ್ಲಿದ್ದಾನೆಂದು ಸರಕಾರಕ್ಕೆ ತಿಳಿಯದು. ಸ್ವತಂತ್ರ ರಾಷ್ಟ್ರವೊಂದರ ಪ್ರಜೆಗಳ ದೇಹವು ಪರದೇಶದ ಕಂಪನಿಗಳ ಪ್ರಯೋಗಭೂಮಿಯಾಗಬಾರದೆಂಬ ಅಭಿಮಾನ ನಮಗಿದ್ದರೆ, ಆ ಅಭಿಮಾನವು ಮೊದಲು ಒಂದು ದಾಖಲೆ ಪುಸ್ತಕದ ರೂಪವನ್ನು ತಾಳಬೇಕಾಗಿದೆ.

ಕೃತಕ ಕೀಲು ಧರಿಸಿದವರು ಸ್ಪರ್ಧೆಗಿಳಿಯುವುದೇ ಅವಿವೇಕ, ವೈದ್ಯರು ಅದನ್ನು ನಿಷೇಧಿಸಬೇಕು ಎಂದು ವಾದಿಸುವವರುಂಟು. ಈ ವಾದವನ್ನು ನಾವು ಒಪ್ಪಲಾರೆವು. ನಡಿಗೆ, ಈಜು, ಸೈಕಲ್ಲು ಇವು ಕೀಲಿಗೆ ಸೌಮ್ಯವಾದವು. ಓಟ, ನೆಗೆತಗಳು ಭಾರವಾದವು. ಒಮ್ಮೆ ಕೆಟ್ಟ ಕೀಲನ್ನು ಮತ್ತೆ ಬದಲಿಸುವ ಶಸ್ತ್ರಕ್ರಿಯೆ ಮೊದಲಿನದಕ್ಕಿಂತ ಕಠಿಣವಾದುದು. ಇಷ್ಟನ್ನು ತಿಳಿದ ಮೇಲೆ ಪ್ರಾಯಕ್ಕೆ ಬಂದ ಮನುಷ್ಯನು ತನ್ನ ಕೀಲಿನ ಆಯುಸ್ಸನ್ನು ಆಟಕ್ಕಾಗಿ ವ್ಯಯಿಸಲು ಇಚ್ಛಿಸಿದರೆ ಅದು ಅವನ ಹಕ್ಕು. ತಿಳಿಯದೆ ವ್ಯಯಿಸುವಂತಾದರೆ ಅದು ಅವನಿಗಾದ ವಂಚನೆ. ತಿಳಿಸುವ ಹೊಣೆ ವೈದ್ಯನದು; ವೈದ್ಯನಿಗೆ ತಿಳಿಯುವಂತೆ ಮಾಡುವ ಹೊಣೆ ಸರಕಾರದ್ದು.

ಆದಕಾರಣ ನಮ್ಮ ಒತ್ತಾಯವು ಸ್ಪಷ್ಟವಾಗಿದೆ. ಶಸ್ತ್ರವೈದ್ಯರ ಸಂಘವು ಸ್ವಯಿಚ್ಛೆಯಿಂದ ದಾಖಲೆಯನ್ನು ಆರಂಭಿಸಿದುದು ಶ್ಲಾಘ್ಯ. ವೈದ್ಯಕೀಯ ಸಾಧನಗಳಿಂದಾದ ಬಾಧೆಗಳನ್ನು ವರದಿಮಾಡುವ ಕಾರ್ಯಕ್ರಮವನ್ನು ಕೇಂದ್ರ ಸರಕಾರವು 2015ರಲ್ಲಿ ತೊಡಗಿಸಿದುದೂ ಸಂತೋಷದ ವಿಷಯ. ಆದರೆ ಸ್ವಯಿಚ್ಛೆಯ ಕೆಲಸವು ಎಲ್ಲರನ್ನೂ ಒಳಗೊಳ್ಳಲಾರದು. ಪ್ರತಿಯೊಂದು ಕೃತಕ ಕೀಲಿನ ಹೆಸರು, ತಯಾರಕ, ಸಂಖ್ಯೆಗಳನ್ನು ದಾಖಲಿಸುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯವಾಗಬೇಕು. ಆ ವಿವರಗಳುಳ್ಳ ಚೀಟಿಯು ರೋಗಿಯ ಕೈಯಲ್ಲಿ, ಅವನು ಓದಬಲ್ಲ ಭಾಷೆಯಲ್ಲಿ, ಎಂದರೆ ಕರ್ನಾಟಕದಲ್ಲಿ ಕನ್ನಡದಲ್ಲಿ, ಇರಬೇಕು. ಶಸ್ತ್ರಕ್ರಿಯೆ ಮುಗಿದೊಡನೆ ಕೈತೊಳೆದುಕೊಳ್ಳದೆ, ಸ್ನಾಯುಗಳಿಗೆ ಬಲ ತುಂಬುವ ಅಂಗಸಾಧನೆಯನ್ನು ತಿಂಗಳುಗಟ್ಟಲೆ ಮಾಡಿಸುವ ಏರ್ಪಾಡು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ದೊರೆಯಬೇಕು. ಕ್ರೀಡಾಸಂಘಗಳು ಮರಳುವ ಆಟಗಾರನನ್ನು ಅವಸರಪಡಿಸದೆ ಅವನ ಕಾಲಕ್ಕೆ ಕಾಯಬೇಕು.

ಇವು ಯಾವುವೂ ನಮ್ಮ ದೇಶದ ಶಕ್ತಿಗೆ ಮೀರಿದವುಗಳಲ್ಲ. ಕೋಟ್ಯಂತರ ಮತದಾರರ ಪಟ್ಟಿಯನ್ನು ಊರೂರಿಗೆ ಬರೆದಿಡಬಲ್ಲ ರಾಷ್ಟ್ರಕ್ಕೆ ಕೀಲುಗಳ ಪಟ್ಟಿಯನ್ನು ಬರೆದಿಡುವುದು ಕಷ್ಟವೆಂದರೆ ಯಾರು ನಂಬುವರು? ಬೇಕಾದುದು ಮನಸ್ಸು. ಅಧಿಕಾರದಲ್ಲಿರುವವರು ಅದನ್ನು ಬೇಗನೆ ಮಾಡಲಿ.