ಪೇಟಿಯ ಮುಂದೆ

ಜೇವರ್ಗಿ ಸೀಮೆಯಲ್ಲಿ ಹಾರ್ಮೋನಿಯಂಗೆ ಪೇಟಿಯೆಂದು ಹೆಸರು. ಜಾತ್ರೆಯ ನಾಟಕವೆಂದರೆ ಮೊದಲ ಕರೆ ಪೇಟಿ ಮಾಸ್ತರರಿಗೆ. ಅವರ ಮುಂದೆ ಒಂದು ಪದ ಹಾಡಿ, ನಾಲ್ಕು ಮಾತು ಒಪ್ಪಿಸಿದ ಮೇಲೆಯೇ ಪಾತ್ರದ ಹಂಚಿಕೆ. ಈ ಪರೀಕ್ಷೆಗೆ ಸಿದ್ಧರಾಗುವ ಬಾಲಕರು ಹಲವು ವೇಳೆ ಸ್ವರವನ್ನು ಏರಿಸಿ ಏರಿಸಿ ಕೂಗುವುದನ್ನೇ ಅಭ್ಯಾಸವೆಂದು ಬಗೆಯುತ್ತಾರೆ. ಇದು ಸರಿಯಲ್ಲ.

ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿನವರಿಗೂ ಹಾಡು ಮುಟ್ಟಬೇಕಾಗಿತ್ತು, ಏರುಕಂಠಕ್ಕೆ ಬೆಲೆಯಿತ್ತು. ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದವರೂ ಬಹುಮಟ್ಟಿಗೆ ಬಾಲಕರೇ. ಆ ಅಗತ್ಯ ಹೋಯಿತು, ರೂಢಿ ಮಾತ್ರ ಉಳಿಯಿತು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ಕಂಠ ಒಡೆಯುತ್ತದೆ. ಆಗ ಬಲವಂತದಿಂದ ಕೂಗಿದರೆ ಕಂಠಕ್ಕೇ ಕೇಡು. ತನಗೆ ಒಗ್ಗುವ ಶ್ರುತಿಯನ್ನು ಮಾಸ್ತರರಲ್ಲಿ ಕೇಳುವುದು ನಾಚಿಕೆಯ ಮಾತಲ್ಲ. ಪದದ ಅರ್ಥ ತಿಳಿದು, ಅದನ್ನು ಮೊದಲು ಮಾತಿನಂತೆ ಸ್ಪಷ್ಟವಾಗಿ ಹೇಳಿ ಕಲಿತವನು ಅರ್ಧ ಗೆದ್ದಂತೆಯೇ.

ಹುಡುಗತನದಲ್ಲಿ ಗುಬ್ಬಿ ಕಂಪನಿಯನ್ನು ಸೇರಿ, 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದ ಬಿ.ವಿ. ಕಾರಂತರು ತಮ್ಮ ನಾಟಕಗಳಲ್ಲಿ ಮೇಳದ ಹಾಡಿಗೆ ದೊಡ್ಡ ಸ್ಥಾನವನ್ನಿತ್ತರು. ಆರಿಸುವ ಹಿರಿಯರು ಇದನ್ನು ನೆನೆಯಬೇಕು. ಕಂಠ ಒಡೆದ ಬಾಲಕನನ್ನು ಮನೆಗೆ ಕಳುಹಿಸುವ ಬದಲು ಮೇಳದಲ್ಲಿ ನಿಲ್ಲಿಸಿ ಕೈಗೆ ತಾಳವನ್ನು ಕೊಡಲಿ. ಕಂಠ ನೆಲೆಗೊಂಡ ವರ್ಷ ಅವನನ್ನು ಮತ್ತೆ ಪೇಟಿಯ ಮುಂದೆ ಕರೆಯಲಿ.