ಒಡಲಿನ ಲೆಕ್ಕ

ಮಕ್ಕಳಾಗದ ಹೊಣೆಯನ್ನು ಹೆಣ್ಣಿನ ಹಣೆಬರಹಕ್ಕೆ ಕಟ್ಟುವುದು ಲೋಕರೂಢಿ. ಅದನ್ನು ಪ್ರಶ್ನಿಸಬಲ್ಲ ಅರಿವನ್ನು ಒದಗಿಸಿದವರಲ್ಲಿ ಅಮೆರಿಕದ ಜೈವಿಕ ಮಾನವಶಾಸ್ತ್ರಜ್ಞ ಡಾ. ಪೀಟರ್ ಎಲಿಸನ್ ಪ್ರಮುಖರು. 1983ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದ ಅವರು ಪ್ರಯೋಗಾಲಯವೊಂದನ್ನೇ ನೆಚ್ಚಿ ಕೂರಲಿಲ್ಲ. ಮಧ್ಯ ಆಫ್ರಿಕದ ಇಟೂರಿ ಅರಣ್ಯದ ಲೇಸೆ ಬೇಸಾಯಗಾರರಲ್ಲಿ, ಸಹೋದ್ಯೋಗಿಗಳೊಡನೆ, ರಕ್ತದ ಬದಲು ಸ್ತ್ರೀಯರ ಲಾಲಾರಸವನ್ನು ಸಂಗ್ರಹಿಸಿ ಪ್ರೊಜೆಸ್ಟರಾನ್ ಪ್ರಮಾಣವನ್ನು ಅಳೆದರು. ಸುಗ್ಗಿಗೆ ಮುಂಚಿನ ಹಸಿವಿನ ತಿಂಗಳುಗಳಲ್ಲಿ ಮೈತೂಕ ಇಳಿದಂತೆ ಅಂಡಾಶಯದ ಕಾರ್ಯವೂ ಕುಗ್ಗುವುದು ಕಂಡುಬಂದಿತು. ಒಡಲು ತನ್ನ ಬಲವನ್ನರಿತು ನಡೆಯುವ ಈ ಬಗೆಯನ್ನು ರೋಗವೆಂದೆಣಿಸಲಾಗದೆಂಬ ವಿಚಾರವನ್ನು 2001ರ ‘ಆನ್ ಫರ್ಟೈಲ್ ಗ್ರೌಂಡ್’ ಗ್ರಂಥದಲ್ಲಿ ವಿಸ್ತರಿಸಿದರು.

ಬಂಜೆತನಕ್ಕೆ ಬೇರೆ ಕಾರಣಗಳೂ ಉಂಟು. ಅವುಗಳಲ್ಲಿ ಪುರುಷನ ಪಾಲೂ ಉಂಟು. ಅನ್ನವೆಷ್ಟು, ದುಡಿಮೆಯೆಷ್ಟು ಎಂದು ವಿಚಾರಿಸದೆ ಹೆಣ್ಣನ್ನು ನಿಂದಿಸುವುದು ಅವಿದ್ಯೆ. ಅದನ್ನು ಕಳೆಯದ ವಿಜ್ಞಾನಬೋಧನೆ ಪರೀಕ್ಷೆಯ ಅಂಕಗಳಿಗಷ್ಟೇ ಸಲ್ಲುತ್ತದೆ.